ಅಷ್ಟು ದೊಡ್ಡ ಲೆನ್ಸು, ಇಷ್ಟು ಹತ್ತಿರ

"ಕತ್ತರಿ ಯಾರ ಕೈಯಲ್ಲಿದೆ?"

ಮೆಲುರ್ ಹಿತ್ತಲ ಗೇಟಿನಲ್ಲಿ ನಿಂತು ಕೂಗಿದಳು. ರಾತ್ರಿ ತೊಟ್ಟ ಪೈಜಾಮ ಇನ್ನೂ ಮೈಮೇಲೇ ಇತ್ತು. ಕೊರಳಲ್ಲಿ ಹಳೇ ಕ್ಯಾಮೆರಾ ನೇತಾಡುತ್ತಿತ್ತು. ಕಾಲಿಗೆ ಚಪ್ಪಲಿಯೂ ಇರಲಿಲ್ಲ.



ಮನೆ ಹಿಂದಿನ ಓಣಿಯಲ್ಲಿ ಮೂರು ಟ್ರೈಪಾಡ್‌ಗಳು ಕಾಲು ಅಗಲಿಸಿ ನಿಂತಿದ್ದವು. ಒಂದೊಂದರ ಮೇಲೂ ತೋಳುದ್ದದ ಲೆನ್ಸು. ಮೂರೂ ಚರಂಡಿ ಪಕ್ಕದ ನಿಂಬೆ ಗಿಡದ ಕಡೆಗೇ ತಿರುಗಿದ್ದವು. ಗಿಡದ ಬುಡದಲ್ಲಿ ಎಲೆಗಳ ಗುಡ್ಡೆ ಬಿದ್ದಿತ್ತು. ಈಗಷ್ಟೇ ಕತ್ತರಿಸಿದ ಹಸಿ ಎಲೆಗಳು. ನಿಂಬೆಯ ಘಮ ಓಣಿ ತುಂಬಾ ಹರಡಿತ್ತು.

ನಿನ್ನೆಯವರೆಗೂ ಆ ಗಿಡದೊಳಗೆ ಗೂಡಿದೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಅದು ತಟ್ಟೆಯ ಮೇಲಿಟ್ಟ ಹಾಗೆ ಕಾಣುತ್ತಿತ್ತು. ಟೀ ಲೋಟದಷ್ಟು ಗೂಡು. ಒಳಗೆ ಎರಡು ಮರಿ. ಗರಿ ಇನ್ನೂ ಸರಿಯಾಗಿ ಬಂದಿರಲಿಲ್ಲ. ಎರಡೂ ಬಾಯಿ ತೆರೆದು ತಲೆ ತೂಗುತ್ತಿದ್ದವು.

"ಯಾರು ಕತ್ತರಿಸಿದ್ದು ಅಂತ ಕೇಳ್ತಾ ಇದೀನಿ!"

ಒಂದು ಟ್ರೈಪಾಡಿನ ಹಿಂದಿನಿಂದ ತಲೆಯೊಂದು ಮೇಲೆದ್ದಿತು. ಪಾಕ್ ಸು! ಅಮ್ಮನ ಕೊನೇ ತಮ್ಮ ರಿದ್ವಾನ್; ಅವಳ ಬಾಯಲ್ಲಿ ಪಾಕ್ ಸು, ಅಂದರೆ ಕಿರಿಯ ಮಾವ.

"ಶ್! ಮೆಲ್ಲಗೆ ಮಾತಾಡೇ. ತಾಯಿ ಹಕ್ಕಿ ಬರೋ ಟೈಮು," ಅಂದ.

ಮೆಲುರ್‌ಗೆ ಸಿಟ್ಟು ನೆತ್ತಿಗೇರಿತು. ಬೇರೆ ಯಾರೇ ಆಗಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಪಾಕ್ ಸು ತೈಪಿಂಗ್ ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ರಜಾ ಸಿಕ್ಕಿತೋ, ಕ್ಯಾಮೆರಾ ಹೆಗಲಿಗೇರುತ್ತಿತ್ತು. ಮೆಲುರ್ ಕೊರಳಲ್ಲಿದ್ದ ಕ್ಯಾಮೆರಾ ಕೂಡ ಮೊದಲು ಅವನದೇ. ಸ್ಕ್ರೀನ್ ಮೇಲೆ ಗೀರು, ಬ್ಯಾಟರಿ ಮುಚ್ಚಳಕ್ಕೆ ಟೇಪು. ಹೋದ ವರ್ಷ ಅವಳಿಗೆ ಹತ್ತು ತುಂಬಿದಾಗ ಅದನ್ನು ಅವಳ ಕೈಗಿಟ್ಟು ಎಲ್ಲಾ ಕಲಿಸಿದ್ದ. ಬೆಳಕು ನಿನ್ನ ಬೆನ್ನಿಗಿರಲಿ ಅಂದಿದ್ದ. ಹಕ್ಕಿಯಾದರೆ ಕಣ್ಣಿಗೇ ಫೋಕಸ್ ಮಾಡು, ಕಣ್ಣು ಮಸುಕಾದರೆ ಫೋಟೋ ಸತ್ತ ಹಾಗೆ ಅಂದಿದ್ದ. ಗೂಡು ಕಂಡರೆ ದೂರ ನಿಲ್ಲು, ಒಂದು ಎಲೆಯನ್ನೂ ಮುಟ್ಟಬೇಡ ಅಂತಲೂ ಅವನೇ ಹೇಳಿದ್ದ.

ಈ ಗೂಡಿನ ಗುಟ್ಟನ್ನು ಅವಳು ಹೇಳಿದ್ದು ಅವನೊಬ್ಬನಿಗೇ. ಅದೂ ಮೊನ್ನೆ ಶುಕ್ರವಾರ, ಕಿವಿಯಲ್ಲಿ.

"ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿದ್ದೆ ನೀನು!"

"ಯಾರಿಗೆ ಹೇಳಿದೀನಿ? ಇವರಿಬ್ರಿಗೆ ಮಾತ್ರ. ನಮ್ಮ ಗ್ರೂಪಿನವರು ಕಣೇ."

ಗ್ರೂಪಿನವರಲ್ಲಿ ಒಬ್ಬರು ಟೈರ್ ಅಂಗಡಿಯ ಲಾವ್ ಅಂಕಲ್. ಮಡಿಸೋ ಕುರ್ಚಿಯಲ್ಲಿ ಕೂತು ಪೊಟ್ಟಣ ಬಿಚ್ಚಿ ತೆಂಗಿನಹಾಲಿನ ಅನ್ನ, ನಾಸಿ ಲೆಮಾಕ್, ತಿನ್ನುತ್ತಿದ್ದರು. ಇನ್ನೊಬ್ಬರು ಜೈಲಾನಿ ಮೇಷ್ಟ್ರು. ಶಾಲೆಯಿಂದ ರಿಟೈರ್ ಆಗಿ ಎಷ್ಟೋ ವರ್ಷವಾಗಿದ್ದರೂ ಊರಿಗೆಲ್ಲಾ ಅವರು ಮೇಷ್ಟ್ರೇ. ಗಿಡ ಕತ್ತರಿಸುವ ಕತ್ತರಿ ಅವರ ಕೈಯಲ್ಲಿತ್ತು.

"ಯಾರಪ್ಪಾ ರಿದ್ವಾನ್, ನಿನ್ನ ಅಕ್ಕನ ಮಗಳಾ?" ಮೇಷ್ಟ್ರು ನಕ್ಕರು. "ಪುಟ್ಟೀ, ಎಲೆ ಮತ್ತೆ ಬರುತ್ತೆ. ನೀನು ಕೂದಲು ಕಟ್ ಮಾಡಿಸ್ಕೊಳ್ಳಲ್ವಾ? ಹಾಗೇ ಇದು. ಎಲೆ ಅಡ್ಡ ಬಂದ್ರೆ ಫೋಟೋ ಕ್ಲೀನಾಗಿ ಬರಲ್ಲ."

"ಮರಿಗಳಿಗೆ ಬಿಸಿಲು ಬಡಿಯಲ್ವಾ?"

"ಹತ್ತೇ ನಿಮಿಷದ ಕೆಲಸ."

"ನಾನು ಎದ್ದು ಕಿಟಕಿ ತೆಗೆದಾಗಿಂದ ನಿಮ್ಮ ಮಾತು ಕೇಳಿಸ್ತಾ ಇದೆ. ಹತ್ತು ನಿಮಿಷ ಆಗಿ ಎಷ್ಟೋ ಹೊತ್ತಾಯ್ತು!"

ಲಾವ್ ಅಂಕಲ್ ತುತ್ತು ನುಂಗಿ ಬೇರೆ ಕಡೆ ನೋಡಿದರು.

ಮೆಲುರ್ ಟ್ರೈಪಾಡಿನಿಂದ ಗಿಡದವರೆಗೆ ಕಣ್ಣಲ್ಲೇ ಅಳೆದಳು. ಐದು ಹೆಜ್ಜೆ. ಹೆಚ್ಚೆಂದರೆ ಆರು.

ಪಾಕ್ ಸು ಈ ಲೆನ್ಸ್ ಕೊಂಡ ದಿನ ಅವಳೂ ಜೊತೆಗಿದ್ದಳು. ಇಬ್ಬರೂ ಬಸ್ಸು ಹತ್ತಿ ಇಪೋ ಪಟ್ಟಣಕ್ಕೆ ಹೋಗಿ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಅಂಗಡಿಯಲ್ಲಿ ಇಡೀ ಬೆಳಗ್ಗೆ ಕಳೆದಿದ್ದರು. ಅವನು ಒಂದೊಂದೇ ಲೆನ್ಸ್ ಹಾಕಿ ಬೀದಿಯಾಚೆಯ ಬೋರ್ಡು ನೋಡುವುದು, ಅವಳು ಎತ್ತಿ ನೋಡಿ ಭಾರ ಹೇಳುವುದು. ಕೊನೆಗೆ ಅಂಗಡಿಯಾತ ಇದನ್ನು ತಂದಿಟ್ಟು, "ಇದಿದ್ರೆ ಫುಟ್‌ಬಾಲ್ ಮೈದಾನದ ಆ ತುದೀಲಿ ನಿಂತ್ಕೊಂಡೇ ಹಕ್ಕಿ ಕಿವಿಯ ಕೂದಲು ಎಣಿಸ್ಬಹುದು," ಅಂದಿದ್ದ. ಹಕ್ಕಿಗೆ ಕಿವಿ ಕೂದಲು ಇರುತ್ತಾ ಅಂತ ಬಸ್ಸಿನಲ್ಲಿ ಮನೆವರೆಗೂ ಇಬ್ಬರೂ ನಕ್ಕಿದ್ದರು.

"ಅಷ್ಟು ದೊಡ್ಡ ಲೆನ್ಸ್ ಇಟ್ಕೊಂಡು ಯಾಕೆ ಇಷ್ಟು ಹತ್ತಿರ ಬಂದಿದೀರಿ?" ಮೆಲುರ್ ಕೇಳಿದಳು. "ಹತ್ತಿರ ಬರೋದೇ ಆದ್ರೆ ಲೆನ್ಸ್ ಯಾಕೆ ಬೇಕಿತ್ತು? ನನ್ನ ಡಬ್ಬಾ ಕ್ಯಾಮೆರಾನೇ ಸಾಕಿತ್ತಲ್ಲ!"

ಮೇಷ್ಟ್ರ ನಗು ನಿಂತಿತು. "ರಿದ್ವಾನ್, ಮಗೂನ ಒಳಗೆ ಕಳಿಸಪ್ಪಾ. ಬೆಳಕು ಹೋಗುತ್ತೆ."

ಪಾಕ್ ಸು ಮುಖ ಕೆಂಪಾಯಿತು. ಅವನು ಗಂಟಲು ಸರಿಮಾಡಿಕೊಂಡು, ಅವಳು ಎಂದೂ ಕೇಳದ ದನಿಯಲ್ಲಿ ಹೇಳಿದ:

"ಮೆಲುರ್, ಒಳಗೆ ಹೋಗು. ಚಿಕ್ಕೋರು ಚಿಕ್ಕೋರ ಥರ ಇರ್ಬೇಕು."

ಅದು ಪಾಕ್ ಸುವಿನ ದನಿಯೇ ಅಲ್ಲ. ಮೇಷ್ಟ್ರ ಮುಂದೆ ಆಡುವ ದನಿ.

"ನಾನು ಹೋಗಲ್ಲ," ಅಂದಳು ಮೆಲುರ್. "ನೀವೇ ಹೋಗಿ."

ಅವಳು ಹುಟ್ಟಿದಾಗಿನಿಂದ ಅವನನ್ನು ನೀವು ಅಂದಿರಲಿಲ್ಲ. ಪಾಕ್ ಸು ಪೆಟ್ಟು ತಿಂದವನ ಹಾಗೆ ನೋಡಿದ. ಮೆಲುರ್ ನೆಟ್ಟಗೆ ನಡೆದು ಮೂರು ಲೆನ್ಸಿನ ಮುಂದೆ, ಗೂಡಿಗೆ ಬೆನ್ನು ಹಾಕಿ ನಿಂತುಬಿಟ್ಟಳು.

"ಇದೊಳ್ಳೆ ಕತೆಯಾಯ್ತಲ್ಲ!" ಮೇಷ್ಟ್ರು ಕತ್ತರಿಯನ್ನು ಜೇಬಿಗೆ ತುರುಕಿದರು.

ಪಾಕ್ ಸು ಬಂದು ಅವಳ ಭುಜ ಹಿಡಿದು ಪಕ್ಕಕ್ಕೆ ಕರೆದ. ಬ್ಯಾಗಿನ ಜಿಪ್ ಎಳೆದು ಕಪ್ಪು ಚೀಲವೊಂದನ್ನು ಹೊರತೆಗೆದ. ಅದರೊಳಗೇನಿದೆ ಅಂತ ಅವಳಿಗೆ ನೋಡದೆಯೂ ಗೊತ್ತಿತ್ತು. ಅವನ ಮೊದಲಿನ ಲೆನ್ಸು. ಈ ಮೂರರಷ್ಟು ದೊಡ್ಡದಲ್ಲ, ಆದರೂ ಒಳ್ಳೇದು. ಹನ್ನೆರಡು ತುಂಬಿದ ದಿನ ನಿನಗೇ ಅಂತ ಹೇಳಿದ್ದ. ಅವಳ ಕ್ಯಾಮೆರಾಗೆ ಇರುವ ಲೆನ್ಸಿನಲ್ಲಿ ತಂತಿ ಮೇಲಿನ ಕಾಗೆ ಇರುವೆಯ ಹಾಗೆ ಕಾಣುತ್ತಿತ್ತು. ಹನ್ನೆರಡಕ್ಕೆ ಇನ್ನೂ ಎಷ್ಟು ದಿನ ಅಂತ ಅವಳು ಎಣಿಸುತ್ತಲೇ ಇದ್ದಳು.

"ಇಗೋ. ಇವತ್ತೇ ತಗೋ," ಅಂದ ಅವನು ಮೆಲ್ಲಗೆ. "ಅರ್ಧ ಗಂಟೆ ಸುಮ್ಮನಿರು, ಅಷ್ಟೇ ಸಾಕು. ಮೇಷ್ಟ್ರು ಎಷ್ಟೋ ದಿನದ ಮೇಲೆ ನನ್ನ ಕರೆದು ಮಾತಾಡ್ಸಿದಾರೆ ಕಣೇ. ನನ್ನ ಮಾನ ತೆಗೀಬೇಡ."

ಅವಳ ಕೈ ತಾನಾಗಿ ಮುಂದಕ್ಕೆ ಹೋಯಿತು. ಚೀಲ ಭಾರವಾಗಿತ್ತು. ಒಳ್ಳೇ ಭಾರ. ಒಂದು ಗಳಿಗೆ ಅವಳು ಅದನ್ನು ಹಿಡಿದುಕೊಂಡೇ ನಿಂತಳು. ಆ ಒಂದು ಗಳಿಗೆಗೆ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

"ಬೇಡ!" ಅಂತ ಅದನ್ನು ಅವನ ಎದೆಗೆ ಒತ್ತಿದಳು.

ಅಷ್ಟರಲ್ಲಿ ಹಿಂದೆ ಬೆಳಕು ಝಗ್ಗೆಂದಿತು. ತಾಯಿ ಹಕ್ಕಿ ಹುಳ ಕಚ್ಚಿಕೊಂಡು ಬಂದಿತ್ತು. ದಾರಿ ತೆರವಾಗಿದ್ದು ನೋಡಿ ಮೇಷ್ಟ್ರು ಫ್ಲ್ಯಾಶ್ ಹೊಡೆದಿದ್ದರು. ಹಕ್ಕಿ ಗಾಳಿಯಲ್ಲೇ ತಿರುಗಿ, ಹುಳ ಕೆಳಗೆ ಬೀಳಿಸಿ, ಓಣಿಯಾಚೆ ಹಾರಿಹೋಯಿತು.

"ಫ್ಲ್ಯಾಶ್ ಹೊಡೀತೀರಾ? ಗೂಡಿಗೆ? ನಿಮಗೆ ತಲೆ ಸರಿ ಇದೆಯಾ?"

ಈ ಕೂಗಿಗೆ ಅಮ್ಮ ಓಡಿ ಬಂದಳು. ಕೈಯಲ್ಲಿ ಅರ್ಧ ಹೊಲಿದ ಯೂನಿಫಾರ್ಮ್, ತುಟಿಯಲ್ಲಿ ಸೂಜಿ. ಮೇಷ್ಟ್ರನ್ನು ನೋಡಿದ್ದೇ ಸೂಜಿ ತೆಗೆದು ತಲೆ ತಗ್ಗಿಸಿದಳು.

"ಅಯ್ಯೋ ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಹುಡುಗಿ ಬಾಯಿ ಸ್ವಲ್ಪ ಜಾಸ್ತಿ."

ಅಮ್ಮ ಮೆಲುರ್‌ಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

"ಮೇಷ್ಟ್ರಿಗೆ ಹಾಗೆಲ್ಲಾ ಎದುರು ಮಾತಾಡ್ತಾರೇನೇ? ನನಗೆ ಲೆಕ್ಕ ಕಲಿಸಿದವರು ಅವರು!"

"ಹಕ್ಕಿ ಬಗ್ಗೆ ಕಲಿಸಿದ್ರಾ?"

"ಬಾಯ್ಮುಚ್ಚು. ಮೇಲೆ ಹೋಗು."

ಮೆಲುರ್ ಧಡಧಡ ಮೆಟ್ಟಿಲು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ಒಂದೊಂದು ಒದೆತ. ಕೋಣೆಯ ಕಿಟಕಿಯಿಂದ ಓಣಿ ಪೂರ್ತಿ ಕಾಣುತ್ತಿತ್ತು.

ಬಿಸಿಲು ಆಚೆ ಮನೆಯ ಗೋಡೆ ದಾಟಿತು. ಮೊದಲು ಚರಂಡಿಯ ಮೇಲೆ ಬಿತ್ತು. ಆಮೇಲೆ ಗಿಡದ ಮೇಲೆ. ಆಮೇಲೆ ನೇರ ಗೂಡಿನೊಳಗೆ.

ಒಂದು ವಾರದಿಂದ ಅವಳು ಶಾಲೆ ಬಿಟ್ಟ ಮೇಲೆ ದಿನಾ ಆ ಗೂಡಿನ ಬಳಿ ಕೂರುತ್ತಿದ್ದಳು. ಅಪ್ಪ ಹಕ್ಕಿ, ಅಮ್ಮ ಹಕ್ಕಿ ಪಾಳಿ ಹಾಕಿಕೊಂಡು ಬರುತ್ತಿದ್ದವು. ಒಂದು ಹೋಗುವಷ್ಟರಲ್ಲಿ ಇನ್ನೊಂದು. ಈಗ ಎರಡೂ ಕರೆಂಟು ತಂತಿಯ ಮೇಲೆ ಕೂತು ಚಡಪಡಿಸುತ್ತಿದ್ದವು. ಕೆಳಗಿಳಿಯಲಿಲ್ಲ. ಮರಿಗಳ ಬಾಯಿ ತೆರೆದೇ ಇತ್ತು. ಹಸಿವಿಗಲ್ಲ, ಸೆಕೆಗೆ ಅಂತ ಅವಳಿಗೆ ಅನ್ನಿಸಿತು.

ಮೂರೂ ಜನ ಇನ್ನೂ ಟ್ರೈಪಾಡಿನ ಹಿಂದೆ ಬಗ್ಗಿಕೊಂಡೇ ಇದ್ದರು.

ಮೆಲುರ್ ಬಾಗಿಲ ಹಿಂದಿನ ಕೊಡೆ ಕಿತ್ತುಕೊಂಡು ಮತ್ತೆ ಕೆಳಗೆ ಓಡಿದಳು. ಈ ಸಲ ಯಾರ ಜೊತೆಯೂ ಮಾತಾಡಲಿಲ್ಲ. ಗಿಡದ ಹತ್ತಿರ ಹೋಗಿ ಕೊಡೆ ಬಿಚ್ಚಿ ಗೂಡಿನ ಮೇಲೆ ಹಿಡಿದಳು. ಮರಿಗಳ ಮೇಲೆ ನೆರಳು ಬಿತ್ತು.

"ಇನ್ನು ತೆಗೀರಿ ಫೋಟೋ," ಅಂದಳು, ಅವರ ಕಡೆ ತಿರುಗದೆ. "ಕೊಡೆ ಫೋಟೋ."

ತಕ್ಷಣ ತಂತಿಯ ಮೇಲಿಂದ ತಾಯಿ ಹಕ್ಕಿ ಧುಮುಕಿತು.

ಮೆಲುರ್‌ಗೆ ಒಂದು ಕ್ಷಣ ಖುಷಿಯಾಯಿತು. ಮರಿಗಳ ಹತ್ತಿರ ಬಂತಲ್ಲ ಅಂದುಕೊಂಡಳು. ಆದರೆ ಹಕ್ಕಿ ಗೂಡಿಗೆ ಹೋಗಲಿಲ್ಲ. ನೇರ ಅವಳ ಹಣೆಯ ಹತ್ತಿರ ಬಂದು, ರೆಕ್ಕೆಯಿಂದ ಕೂದಲು ಸವರಿ, ಬೇಲಿಯ ಮೇಲೆ ಕೂತಿತು. ಬಾಲವನ್ನು ಬೀಸಣಿಗೆಯ ಹಾಗೆ ಅಗಲವಾಗಿ ಬಿಚ್ಚಿತು. ಆ ಕಡೆ ಈ ಕಡೆ ಹೊರಳಿತು. ಚೀ ಚೀ ಚೀ ಅಂತ ಕಿರುಚಿತು. ಮತ್ತೆ ಧುಮುಕಿತು.

ಈ ಹಕ್ಕಿಗೆ ಊರಲ್ಲಿ ಹುಚ್ಚು ಮುರಾಯ್, ಅಂದರೆ ಹುಚ್ಚು ಹಾಡುಹಕ್ಕಿ, ಅಂತಲೇ ಹೆಸರು. ಯಾವಾಗಲೂ ಕುಣಿಯುತ್ತಿರುತ್ತದೆ ಅಂತ. ಗುರುವಾರ ಕೂಡ ಅದು ಹೀಗೇ ಬೇಲಿಯ ಮೇಲೆ ಕುಣಿದಿತ್ತು. ಮೆಲುರ್ ಆಗ ಗೂಡಿನ ಪಕ್ಕದಲ್ಲೇ, ಕೈಗೆಟಕುವಷ್ಟು ಹತ್ತಿರ ಕೂತಿದ್ದಳು. ಅವಳ ಕ್ಯಾಮೆರಾದಲ್ಲಿ ಹಕ್ಕಿ ದೊಡ್ಡದಾಗಿ ಕಾಣಬೇಕಾದರೆ ಅಷ್ಟು ಹತ್ತಿರ ಹೋಗಲೇಬೇಕಿತ್ತು. ಬಾಲ ಬಿಚ್ಚಿದ ಕ್ಷಣಕ್ಕೆ ಸರಿಯಾಗಿ ಕ್ಲಿಕ್ ಮಾಡಿದ್ದಳು. ಕಣ್ಣು ಕೂಡ ಶಾರ್ಪಾಗಿ ಬಂದಿತ್ತು. ಅವಳು ತೆಗೆದ ಫೋಟೋಗಳಲ್ಲೆಲ್ಲಾ ಅದೇ ಬೆಸ್ಟ್ ಅಂತ ಪಾಕ್ ಸು ಹೇಳಿದ್ದ. ಗೂಡೆಲ್ಲಿದೆ ಅಂತ ಅವನು ಕೇಳಿದ್ದೂ ಅದನ್ನು ನೋಡಿಯೇ.

ಆ ಫೋಟೋಗೆ ಅವಳು 'ನನಗಾಗಿ ಕುಣಿದದ್ದು' ಅಂತ ಹೆಸರಿಟ್ಟಿದ್ದಳು.

ಹಕ್ಕಿ ಮೂರನೇ ಸಲ ಧುಮುಕಿತು. ಈ ಸಲ ಕಿವಿಯ ಹತ್ತಿರ ಚುರುಕ್ಕೆಂದಿತು.

ಅದು ಕುಣಿತವಲ್ಲ. ಗುರುವಾರವೂ ಕುಣಿತವಲ್ಲ. ಆವತ್ತೂ ಹಕ್ಕಿ ಅವಳನ್ನು ಬಯ್ಯುತ್ತಿತ್ತು. ಹೋಗು, ಹೋಗು, ಹೋಗು ಅಂತ. ಅವಳು ಹಲ್ಲು ಬಿಟ್ಟುಕೊಂಡು ಕ್ಲಿಕ್ ಮಾಡಿದ್ದಳು.

  ಕೊಡೆ ಹಿಡಿದವಳು ಯಾರು, ಕತ್ತರಿ ಹಿಡಿದವರು ಯಾರು ಅಂತ ಹಕ್ಕಿಗೇನು ಗೊತ್ತು? ಅವಳು ಇಲ್ಲಿ ನಿಂತಿರುವವರೆಗೂ ಅದು ಮರಿಗಳ ಹತ್ತಿರ ಬರುವುದಿಲ್ಲ.

ಸಿಟ್ಟು ಕಡಿಮೆಯಾಗಲಿಲ್ಲ. ಆದರೆ ಈಗ ಅದನ್ನು ಯಾರ ಮೇಲೆ ಎಸೆಯಬೇಕು ಅಂತಲೇ ತಿಳಿಯಲಿಲ್ಲ.

ಅವಳು ಜಡೆಯ ರಿಬ್ಬನ್ ಬಿಚ್ಚಿ, ಕೊಡೆಯ ಹಿಡಿಯನ್ನು ತಂತಿ ಬೇಲಿಗೆ ಗಟ್ಟಿಯಾಗಿ ಕಟ್ಟಿದಳು. ನೆರಳು ಗೂಡಿನ ಮೇಲೇ ಇದೆಯಾ ನೋಡಿದಳು. ಆಮೇಲೆ ಹಿಂದೆ ತಿರುಗಿದಳು.

"ನಾನು ಹೋಗ್ತಾ ಇದೀನಿ," ಅಂದಳು.  "ನೀವೂ ಹೋಗಿ. ಎಲ್ಲಾರೂ ಹೋಗೋಣ. ನಾವಿದ್ರೆ ಅದು ಬರಲ್ಲ."

ಎಲ್ಲರಿಗಿಂತ ಮೊದಲು ಎದ್ದವರು ಲಾವ್ ಅಂಕಲ್. ಕುರ್ಚಿ ಮಡಿಸಿ, ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು. "ನನಗೂ ಅಂಗಡಿ ತೆಗೀಬೇಕು," ಅಂದರು, ಆವತ್ತು ಭಾನುವಾರವಾಗಿದ್ದರೂ.

"ನಾನು ಮೂವತ್ತು ವರ್ಷದಿಂದ ಹಕ್ಕಿ ಫೋಟೋ ತೆಗೀತಾ ಇದೀನಿ," ಮೇಷ್ಟ್ರು ಗೊಣಗಿದರು. "ಈಗ ಇವಳ ಹತ್ರ ಪಾಠ ಹೇಳಿಸ್ಕೋಬೇಕಾ? ನಡಿಯಪ್ಪಾ ರಿದ್ವಾನ್."

ಪಾಕ್ ಸು ಅವಳ ಕಡೆ ನೋಡಿದ. ಮೇಷ್ಟ್ರ ಕಡೆ ನೋಡಿದ. ಆಮೇಲೆ ಟ್ರೈಪಾಡ್ ಹೆಗಲಿಗಿಟ್ಟು ಮೇಷ್ಟ್ರ ಹಿಂದೆ ಹೊರಟುಹೋದ. 

ಅವನ ಬೆನ್ನು ನೋಡುತ್ತಾ ನಿಂತ ಮೆಲುರ್‌ಗೆ ಕಲ್ಲೆತ್ತಿ ಎಸೆಯಬೇಕು ಅನ್ನಿಸಿತು.

ಮಧ್ಯಾಹ್ನ ಕಸದ ಬುಟ್ಟಿ ಹಿಡಿದು ಹಿತ್ತಲಿಗೆ ಹೋದ ಅಮ್ಮ ಕೂಗಿಕೊಂಡಳು. "ಅಯ್ಯಯ್ಯೋ! ನನ್ನ ನಿಂಬೆ ಗಿಡ! ಕಾಯಿ ಇದ್ದ ಕೊಂಬೇನೇ ಕತ್ತರಿಸಿ ಚರಂಡಿಗೆ ಹಾಕಿದಾರಲ್ಲೇ! ಯಾರು ಹೇಳಿದ್ರು ಇವರಿಗೆ?"

"ನಿಮ್ಮ ಲೆಕ್ಕದ ಮೇಷ್ಟ್ರು," ಅಂದಳು ಮೆಲುರ್ ಕಿಟಕಿಯಿಂದ.

ಅಮ್ಮನ ಮುಖ ಬಿಗಿಯಿತು. ಏನೋ ಹೇಳಲು ಬಾಯಿ ತೆರೆದಳು.

ಆಗಲೇ ಕಾಗೆ ಬಂತು.

ಕೊಡೆ ಬಿಸಿಲನ್ನು ತಡೆದಿತ್ತು. ಆದರೆ ಪಕ್ಕದಿಂದ ಗೂಡನ್ನು ಮರೆಮಾಡಲು ಎಲೆಗಳೇ ಇರಲಿಲ್ಲ. ಎರಡೂ ಪುಟ್ಟ ಹಕ್ಕಿಗಳು ಕಾಗೆಯ ಬೆನ್ನ ಮೇಲೆ ಬಿದ್ದು ಕುಕ್ಕಿದವು. ಅಮ್ಮ ಬುಟ್ಟಿ ಎಸೆದಳು. ಮೆಲುರ್ ಕಿರುಚಿದಳು. ಕಾಗೆ ಅದೇನೂ ಕೇಳಿಸದ ಹಾಗೆ ಗೂಡಿಗೆ ಕೊಕ್ಕು ಹಾಕಿ, ಒಂದು ಮರಿ ಎತ್ತಿಕೊಂಡು ಹೋಯಿತು.

ಸಂಜೆ ಪಾಕ್ ಸು ಬಂದ. ಕೈಯಲ್ಲಿ ಬಿಸಿ ಬಾಳೆಹಣ್ಣಿನ ಬಜ್ಜಿ. ಮೆಲುರ್ ಕೋಣೆಯ ಬಾಗಿಲು ತೆಗೆಯಲಿಲ್ಲ.

"ಸಾರಿ ಕಣೇ," ಅವನು ಬಾಗಿಲಾಚೆಯಿಂದ ಹೇಳಿದ. "ಮೇಷ್ಟ್ರ ಮುಂದೆ ನಂಗೆ ಏನೂ ಹೇಳಕ್ಕಾಗ್ಲಿಲ್ಲ. ಆದ್ರೆ ಒಂದೇ ಒಂದ್ಸಲ ನೋಡು. ನೀನು ಬರೋಕೆ ಮುಂಚೆ ತೆಗೆದಿದ್ದು. ಇಷ್ಟು ಚೆನ್ನಾಗಿ ನಾನು ಯಾವತ್ತೂ ತೆಗೆದಿಲ್ಲ."

ಬಾಗಿಲ ಕೆಳಗಿನ ಸಂದಿನಿಂದ ಅವನ ಫೋನು ಒಳಗೆ ಜಾರಿ ಬಂತು.

ನೋಡಬಾರದು ಅಂದುಕೊಂಡೇ ಅವಳು ನೋಡಿದಳು. ಎರಡು ಮರಿಗಳು. ಅರಳಿದ ಎರಡು ಹಳದಿ ಬಾಯಿ. ತಾಯಿಯ ಕಣ್ಣಲ್ಲಿ ಬೆಳಗಿನ ಬೆಳಕಿನ ಚುಕ್ಕಿ. ಹಿಂದೆಲ್ಲಾ ಮೆತ್ತನೆಯ ಹಸಿರು. ಫೋಟೋದ ಕೆಳಗೆ ಗ್ರೂಪಿನವರ ಚಪ್ಪಾಳೆಗಳು, ಹೃದಯಗಳು.

ಫೋಟೋ ನಿಜವಾಗಿಯೂ ಚೆನ್ನಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

ಅವಳು ಬಾಗಿಲು ತೆಗೆದಳು.

"ಇದರಲ್ಲಿ ಎಡಗಡೆಯದನ್ನ ಕಾಗೆ ತಗೊಂಡು ಹೋಯ್ತು," ಅಂದಳು. "ಮಧ್ಯಾಹ್ನ. ನೀವು ಮನೇಲಿ ಕೂತು ಇದನ್ನ ಗ್ರೂಪಿಗೆ ಹಾಕ್ತಾ ಇದ್ದಾಗ."

ಪಾಕ್ ಸು ಕೈಯಲ್ಲಿದ್ದ ಬಜ್ಜಿ ಪೊಟ್ಟಣವನ್ನು ನೋಡುತ್ತಾ ನಿಂತ. "ನಂಗೆ ಗೊತ್ತಾಗ್ಲಿಲ್ಲ..."

"ಗೊತ್ತಿತ್ತು! ಎಲೆ ಮುಟ್ಟಬೇಡ ಅಂತ ನನಗೆ ಹೇಳಿಕೊಟ್ಟಿದ್ದೇ ನೀನು! ನಾನು ಮುಟ್ಟಲಿಲ್ಲ. ಒಂದೂ ಮುಟ್ಟಲಿಲ್ಲ. ಆದ್ರೂ..." ಅವಳು ಫೋನನ್ನು ಅವನ ಕೈಗೆ ತುರುಕಿದಳು. "ಆದ್ರೂ ನಾನೂ ಹತ್ತಿರ ಹೋಗಿದ್ದೆ. ದೂರ ನಿಲ್ಲು ಅಂದಿದ್ದೆ ನೀನು, ನಾನು ನಿಲ್ಲಲಿಲ್ಲ. ಆ ಬಾಲದ ಫೋಟೋ ಇದೆಯಲ್ಲ, ಅದ್ರಲ್ಲಿ ಹಕ್ಕಿ ನನ್ನ ಬಯ್ತಾ ಇತ್ತು. ನಾನು ನಿಂಗೆ ತೋರಿಸ್ದೆ. ಅದಕ್ಕೇ ನೀನು ಇವರನ್ನೆಲ್ಲಾ ಕರ್ಕೊಂಡು ಬಂದೆ."

ಪಾಕ್ ಸು ಬಾಗಿಲ ಪಕ್ಕ ನೆಲದ ಮೇಲೇ ಕೂತುಬಿಟ್ಟ.  ಬಜ್ಜಿ ಆರಿಹೋಯಿತು. ಕೆಳಗೆ ಅಮ್ಮನ ಹೊಲಿಗೆ ಮಿಷನ್ ಎಂದಿಗಿಂತ ಜೋರಾಗಿ ಓಡುತ್ತಿತ್ತು.

ಮಾರನೇ ದಿನ ಅವಳು ಶಾಲೆಯಿಂದ ಬರುವಷ್ಟರಲ್ಲಿ ಅವನು ಹಿತ್ತಲಲ್ಲಿದ್ದ. ಕ್ಯಾಮೆರಾ ಇರಲಿಲ್ಲ. ಅಂಗಡಿಗೆ ಅರ್ಧ ದಿನ ರಜಾ ಹಾಕಿ ಬಂದಿದ್ದ. ಅಮ್ಮನ ಹೂಕುಂಡಗಳನ್ನೆಲ್ಲಾ ಗೇಟಿನ ಹತ್ತಿರ ಸಾಲಾಗಿ ತಂದಿಟ್ಟಿದ್ದ.

"ಎಲೆ ತುಂಬಾ ಇರೋದನ್ನ ಆರಿಸು, ಗೂಡಿಗೆ ಮರೆ ಬೇಕು," ಅಂದ.

"ನನ್ನ ಕರಿಬೇವಿನ ಗಿಡಾನೂ ತಗೊಳ್ಳಿ," ಅಮ್ಮ ಅಡುಗೆಮನೆಯಿಂದ ಕೂಗಿದಳು. "ಮುರಿದ್ರೆ ಮಾತ್ರ ನಿಮ್ಮಿಬ್ಬರ ಕೈ ಮುರೀತೀನಿ."

ಮೆಲುರ್ ಕುಂಡಗಳನ್ನು ಆರಿಸಿದಳು. ಹಕ್ಕಿಗಳೆರಡೂ ದೂರ ಹೋಗುವವರೆಗೆ ಗೇಟಿನ ಹಿಂದೆ ಕಾದರು. ಆಮೇಲೆ ಓಡಿಹೋಗಿ ಗಿಡದ ಸುತ್ತ ಕುಂಡಗಳನ್ನು ಜೋಡಿಸಿದರು. ಚಿಕ್ಕವನ್ನು ಇಟ್ಟಿಗೆಯ ಮೇಲೆ, ದೊಡ್ಡವನ್ನು ನೆಲದ ಮೇಲೆ. ಗೂಡಿನ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಎಲ್ಲಾ ಮುಗಿಸಿ ಒಳಗೆ ಓಡಿ ಬಂದಾಗ ಇಬ್ಬರಿಗೂ ಏದುಸಿರು.

"ಗ್ರೂಪಲ್ಲಿ ಆ ಫೋಟೋ ಕೆಳಗೆ ಬರೆದೆ," ಪಾಕ್ ಸು ಕೈ ತೊಳೆಯುತ್ತಾ ಹೇಳಿದ. "ನಾವು ಎಲೆ ಕತ್ತರಿಸಿದ್ವಿ, ಅದಕ್ಕೇ ಮಧ್ಯಾಹ್ನ ಒಂದು ಮರಿ ಹೋಯ್ತು ಅಂತ."

"ಮೇಷ್ಟ್ರು ಏನಂದ್ರು?"

"ಏನೂ ಅನ್ಲಿಲ್ಲ. ನನ್ನನ್ನ ಗ್ರೂಪಿಂದ ತೆಗೆದುಹಾಕಿದ್ರು."

"ಒಳ್ಳೇದಾಯ್ತು," ಅಂದಳು ಮೆಲುರ್.

ಪಾಕ್ ಸು ನಗಲು ನೋಡಿದ. ಅವಳು ನಗಲಿಲ್ಲ. ಹೋದ ಮರಿ ಹೋಗಿತ್ತು. 

ಹೊರಡುವಾಗ ಅವನು ಮಹಡಿಗೆ ಹೋಗಿ ಅವಳ ಕಿಟಕಿಯ ಕಟ್ಟೆಯ ಮೇಲೆ ಕಪ್ಪು ಚೀಲವನ್ನು ಇಟ್ಟ. "ಇದು ಲಂಚ ಅಲ್ಲ. ಹನ್ನೆರಡು ತುಂಬೋವರೆಗೂ ನಂದೇ. ಆದ್ರೆ ಇಲ್ಲಿಂದ ನೋಡೋಕೆ ಇದೇ ಬೇಕು."

ಎರಡು ದಿನ ಅವಳು ಅದನ್ನು ಮುಟ್ಟಲಿಲ್ಲ. ಮೂರನೇ ದಿನ ಚೀಲ ಬಿಚ್ಚಿ ಕ್ಯಾಮೆರಾಗೆ ಹಾಕಿದಳು. ಕೈ ನಡುಗಿ ಎಲ್ಲಾ ಮಸುಕಾಯಿತು. ನಾಲ್ಕನೇ ದಿನ ತಲೆದಿಂಬನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಲೆನ್ಸ್ ಊರಿ, ಉಸಿರು ಬಿಟ್ಟಾಗ ಕ್ಲಿಕ್ ಮಾಡಿದಳು. ಎಲೆಗಳು ಶಾರ್ಪಾಗಿ ಬಂದವು. ಹಕ್ಕಿ ಮಾತ್ರ ಫೋಟೋದಲ್ಲಿ ಬರಲಿಲ್ಲ.

ಶನಿವಾರ ಬೆಳಗ್ಗೆ ಪಾಕ್ ಸು ಬಂದಾಗ ಅವಳು ಕಿಟಕಿಯಲ್ಲೇ ಇದ್ದಳು. ಅವನು ಸದ್ದು ಮಾಡದೆ ಪಕ್ಕದಲ್ಲಿ ಕೂತ. ಅವಳು ಸರಿದು ಜಾಗ ಕೊಡಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ.

ಉಳಿದ ಮರಿ ಗೂಡಿನ ಅಂಚಿಗೆ ಹತ್ತಿತ್ತು. ಒಂದು ಸಲ ರೆಕ್ಕೆ ಬಡಿದು, ಹೆದರಿ ಕೂತಿತು. ಇನ್ನೊಂದು ಸಲ ಬಡಿದು, ಕರಿಬೇವಿನ ಗಿಡದ ಕೊಂಬೆಗೆ ಹಾರಿ, ಬೀಳುವ ಹಾಗಾಗಿ, ಹಿಡಿದುಕೊಂಡಿತು. ತಾಯಿ ಬಂದು ಅದರ ಪಕ್ಕ ಕೂತು ಬಾಯಿಗೆ ಹುಳ ಇಟ್ಟಿತು. ಮತ್ತೆ ಹಾರಿಹೋಗದೆ ಅಲ್ಲೇ ಕೂತಿತು.

ಮೆಲುರ್ ಕ್ಲಿಕ್ ಮಾಡಿದಳು. ಒಂದೇ ಸಲ.

ಪಾಕ್ ಸು ಸ್ಕ್ರೀನ್ ನೋಡಿದ. ಮುಕ್ಕಾಲು ಪಾಲು ಎಲೆ. ನಡುವೆ ಎಲ್ಲೋ ಹೆಬ್ಬೆರಳ ಉಗುರಿನಷ್ಟು ಒಂದು ಹಕ್ಕಿ, ಅದಕ್ಕೆ ಒತ್ತಿಕೊಂಡು ಕಂದು ಬಣ್ಣದ ಒಂದು ಚುಕ್ಕೆ.

"ಮುಂದಿನ ಎಲೆಗೆ ಫೋಕಸ್ ಹೋಗಿದೆ," ಅಂದ ಮೆಲ್ಲಗೆ.

"ಗೊತ್ತು," ಅಂದಳು ಮೆಲುರ್.

ಅವಳು ಫೋಟೋದಿಂದ ಕಣ್ಣು ತೆಗೆಯಲಿಲ್ಲ. ಈ ಹಕ್ಕಿಯನ್ನು ಅವಳು ಎಷ್ಟೋ ದಿನದಿಂದ ನೋಡುತ್ತಿದ್ದಳು. ಆದರೆ ಅದು ಬಾಲ ಮಡಚಿಕೊಂಡು, ಬಾಯಿ ಮುಚ್ಚಿಕೊಂಡು, ಸುಮ್ಮನೆ ಕೂತಿದ್ದನ್ನು ಇವತ್ತೇ ಮೊದಲ ಸಲ ನೋಡುತ್ತಿದ್ದಳು.

ಕೆಳಗೆ ಓಣಿಯಲ್ಲಿ ಅದು ಇನ್ನೂ ಹಾಗೇ ಕೂತಿತ್ತು. ಕಿಟಕಿಯಲ್ಲಿ ಇಬ್ಬರು ಇದ್ದಾರೆ ಅಂತ ಅದಕ್ಕೆ ಗೊತ್ತೇ ಇರಲಿಲ್ಲ.